ನಿಂಬೆಹಣ್ಣಿನ ಸಲಹೆ ಸಾಕು, ನಮ್ಮ ಚರ್ಮದ ಬಗ್ಗೆ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾರದ ಪುರವಣಿಯಲ್ಲಿ ಬರುವ ಸೌಂದರ್ಯದ ಅಂಕಣವನ್ನು ಎಷ್ಟೋ ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಇತ್ತೀಚೆಗೆ ಅದರಲ್ಲಿ, ಅರ್ಧ ಹೋಳು ನಿಂಬೆಹಣ್ಣಿಗೆ ಅಡುಗೆ ಸೋಡಾ ಹಾಕಿ ಮುಖಕ್ಕೆ ಉಜ್ಜಿದರೆ ಬಣ್ಣ ತಿಳಿಯಾಗುತ್ತದೆ, ಎಲ್ಲ ಬಗೆಯ ಚರ್ಮಕ್ಕೂ ಇದು ಒಳ್ಳೆಯದು ಅಂತ ಬಂದಿತ್ತು. ಎರಡು ಮಾತೂ ತಪ್ಪು. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಲೆಕ್ಕದಲ್ಲಿ (ಸಂಖ್ಯೆ ಕಮ್ಮಿಯಾದಷ್ಟೂ ಹುಳಿ ಜಾಸ್ತಿ) ಸುಮಾರು 5. ನಿಂಬೆರಸದ್ದು 2ರ ಆಸುಪಾಸು, ಸೋಡಾದ್ದು 8ರ ಮೇಲೆ. ಒಂದು ಸುಡುತ್ತದೆ, ಇನ್ನೊಂದು ಒಣಗಿಸುತ್ತದೆ. ಅದರ ಮೇಲೆ ನಿಂಬೆರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಪ್ಪು ಕಲೆ ಏಳುತ್ತದೆ. ಬೆಳ್ಳಗಾಗಲಿ ಅಂತ ಹಚ್ಚಿದವರ ಮುಖ ಇನ್ನೂ ಕಪ್ಪಾಗುವುದು ಹೀಗೆ.

ನಾನು ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಫಾರ್ಮಸಿ ಓದಿದವಳು, ಚರ್ಮದ ಡಾಕ್ಟರ್ ಅಲ್ಲ. ಆದರೆ ಮುಖಕ್ಕೆ ಏನೇನೋ ಹಚ್ಚಿ ಕೆಡಿಸಿಕೊಂಡವರು ಡಾಕ್ಟರ ಹತ್ತಿರ ಹೋಗುವ ಮೊದಲು ಬಂದು ನಿಲ್ಲುವುದು ನಮ್ಮ ಕೌಂಟರ್ ಮುಂದೆ. ಹರಿಹರ, ಚನ್ನಗಿರಿ, ಜಗಳೂರು ಕಡೆಯಿಂದ ಸಂತೆಗೋ ಕೋರ್ಟಿಗೋ ಬಂದವರು ಬಸ್ಸಿಗೆ ಹೊತ್ತಾಯಿತು ಅನ್ನುತ್ತಾ ಮೊಬೈಲಲ್ಲಿ ಫೋಟೋ ತೋರಿಸಿ, ಇದಕ್ಕೊಂದು ಕ್ರೀಮ್ ಕೊಡಿ ಅನ್ನುತ್ತಾರೆ. ಅವರಲ್ಲಿ ಜಾಸ್ತಿ ಜನಕ್ಕೆ ತಮ್ಮ ಚರ್ಮ ಎಂಥದ್ದು ಅಂತ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟಿರುವುದು ಒಂದೇ, ಬಣ್ಣ ಕಮ್ಮಿ ಅಂತ.

ಚರ್ಮದ ಗುಣ ಬೇರೆ, ಚರ್ಮದ ಬಣ್ಣ ಬೇರೆ. ಇವೆರಡನ್ನೂ ಒಂದೇ ಮಾಡಿಕೊಂಡಿರುವುದರಿಂದಲೇ ಅರ್ಧ ತೊಂದರೆ. ಎಣ್ಣೆ ಚರ್ಮವೋ, ಒಣ ಚರ್ಮವೋ, ಎರಡೂ ಸೇರಿದ್ದೋ, ಬೇಗ ಉರಿ ತುರಿಕೆ ಆಗುವಂಥದ್ದೋ ಅನ್ನುವುದು ಗುಣ. ಬೆಳ್ಳಗಿರುವವರದ್ದೂ ಎಣ್ಣೆ ಚರ್ಮ ಇರಬಹುದು, ಕಪ್ಪಗಿರುವವರದ್ದೂ ಒಡೆದು ಬಿರುಕು ಬಿಡುವಷ್ಟು ಒಣ ಇರಬಹುದು. ಯಾವ ಸೋಪು, ಯಾವ ಕ್ರೀಮು ಅಂತ ತೀರ್ಮಾನ ಮಾಡಬೇಕಾಗಿರುವುದು ಗುಣ ನೋಡಿ. ಆದರೆ ಯಾವುದಕ್ಕೆ ಹುಷಾರಾಗಿರಬೇಕು ಅನ್ನುವುದಕ್ಕೆ ಬಣ್ಣವನ್ನೂ ನೋಡಬೇಕು.

ಗುಣ ತಿಳಿದುಕೊಳ್ಳುವುದಕ್ಕೆ ದುಡ್ಡು ಬೇಕಿಲ್ಲ. ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದು, ಮೆತ್ತಗೆ ಒರೆಸಿ, ಏನೂ ಹಚ್ಚದೆ ಅರ್ಧ ಮುಕ್ಕಾಲು ಗಂಟೆ ಫ್ಯಾನ್ ಕೆಳಗೆ ಕೂರದೆ ಸುಮ್ನೆ ಇರಿ. ಆಮೇಲೆ ಕನ್ನಡಿ ನೋಡಿ. ಹಣೆ, ಮೂಗು, ಗಲ್ಲ ಎಲ್ಲ ಕಡೆ ಜಿಡ್ಡು ಹೊಳೆದರೆ ಎಣ್ಣೆ ಚರ್ಮ. ಹಣೆ ಮೂಗಿನ ಮೇಲೆ ಮಾತ್ರ ಜಿಡ್ಡು, ಕೆನ್ನೆ ಒಣ ಅಂದರೆ ಮಿಶ್ರ. ನಕ್ಕರೆ ಚರ್ಮ ಬಿಗಿಹಿಡಿದ ಹಾಗಾಗಿ ಬಾಯಿ ಸುತ್ತ ಹೊಟ್ಟು ಕಂಡರೆ ಒಣ ಚರ್ಮ. ನಮ್ಮ ಬಣ್ಣದವರಲ್ಲಿ ಒಣ ಚರ್ಮ ಕಂಡುಹಿಡಿಯುವ ಇನ್ನೊಂದು ಸುಲಭದ ಗುರುತಿದೆ. ಮೊಣಕಾಲ ಕೆಳಗೆ ಉಗುರಿನಿಂದ ಮೆಲ್ಲಗೆ ಗೀಚಿ, ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ ಬಿಳಿ ಗೆರೆ ಮೂಡಿದರೆ ಚರ್ಮಕ್ಕೆ ಜಿಡ್ಡು ಸಾಲುತ್ತಿಲ್ಲ ಅಂತ ಅರ್ಥ.

ಇದು ಹುಟ್ಟಿದಾಗ ಬರೆದಿಟ್ಟ ಹಾಗೆ ಒಂದೇ ಥರ ಇರುವುದೂ ಇಲ್ಲ. ಮಂಗಳೂರಿನ ಸೆಕೆಯಲ್ಲಿ ಮುಖ ತೊಳೆದ ಗಂಟೆಯೊಳಗೆ ಜಿಡ್ಡಾಗುವ ಹುಡುಗಿ ನೌಕರಿಗೆ ಅಂತ ಕಲಬುರಗಿಗೆ ಹೋದರೆ ಡಿಸೆಂಬರಲ್ಲಿ ತುಟಿ ಒಡೆದುಕೊಂಡು ಕೂರುತ್ತಾಳೆ. ಬೆಂಗಳೂರಿನಲ್ಲಿ ಬೋರ್‌ವೆಲ್ಲಿನ ಗಡಸು ನೀರು ಬರುವ ಬಡಾವಣೆಗೆ ಮನೆ ಬದಲಾಯಿಸಿದ ಮೇಲೆ ಮೈ ತುರಿಕೆ ಶುರುವಾಯಿತು ಅನ್ನುವವರಿದ್ದಾರೆ, ಅದರಲ್ಲೂ ನಿಜ ಇದೆ, ಗಡಸು ನೀರಿನಲ್ಲಿ ಸೋಪಿನ ಅಂಶ ಪೂರ್ತಿ ತೊಳೆದುಹೋಗದೆ ಚರ್ಮದ ಮೇಲೇ ಉಳಿದು ಒಣಗಿಸುತ್ತದೆ. ವಯಸ್ಸಾದ ಹಾಗೆ ಎಣ್ಣೆ ಕಮ್ಮಿಯಾಗುತ್ತದೆ. ಹದಿನೆಂಟರಲ್ಲಿ ಹಚ್ಚಿದ್ದನ್ನೇ ನಲವತ್ತೈದರಲ್ಲಿ ಹಚ್ಚಿದರೆ ಆಗುವುದಿಲ್ಲ. ಕೆನಡಾದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರು ಅಲ್ಲಿಯ ಚಳಿಗೆ, ಮನೆಯೊಳಗಿನ ಹೀಟರಿಗೆ ಅಂತ ಬಳಸುವ ದಪ್ಪ ಕ್ರೀಮನ್ನು ಊರಿಗೆ ಬಂದಾಗ ಅಕ್ಕ ತಂಗಿಯರಿಗೆ ಪ್ರೀತಿಯಿಂದ ಕೊಟ್ಟು ಹೋಗುತ್ತಾರೆ. ಏಪ್ರಿಲ್ ಬಿಸಿಲಿಗೆ ಅದನ್ನು ಹಚ್ಚಿದರೆ ಮುಖದ ತುಂಬಾ ಗುಳ್ಳೆ.

ತೆಂಗಿನೆಣ್ಣೆ ವಿಷಯವೂ ಇಷ್ಟೇ. ಒಣ ಕಾಲಿಗೆ, ಕೈಗೆ ಅದು ತುಂಬಾ ಒಳ್ಳೆಯದು, ಸ್ನಾನ ಆದ ತಕ್ಷಣ ಮೈ ಇನ್ನೂ ಹಸಿ ಇರುವಾಗ ಹಚ್ಚಬೇಕು. ಆದರೆ ಮೊಡವೆ ಬರುವ ಮುಖಕ್ಕೆ ಬೇಡ. ತಲೆಗೆ ಎಣ್ಣೆ ಸುರಿದುಕೊಂಡು ಮಲಗುವ ಹುಡುಗ ಹುಡುಗಿಯರ ಹಣೆ ಮೇಲೆ, ಕೂದಲು ಶುರುವಾಗುವ ಗೆರೆಯುದ್ದಕ್ಕೂ ರವೆ ಚೆಲ್ಲಿದಂಥ ಸಣ್ಣ ಗುಳ್ಳೆ ಬರುವುದನ್ನು ನೋಡಿರುತ್ತೀರಿ. ಅದಕ್ಕೆ ದುಬಾರಿ ಸೀರಂ ಕೇಳಿಕೊಂಡು ಬರುತ್ತಾರೆ. ಎಣ್ಣೆಯನ್ನು ಹಣೆಗೆ ಇಳಿಯಲು ಬಿಡದೆ, ದಿಂಬಿನ ಕವರು ಬದಲಾಯಿಸಿದರೆ ಎಷ್ಟೋ ಸಲ ಅದೇ ಸಾಕು.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಯುರೋಪಿನವರಿಗೂ ನಮಗೂ ಆಫ್ರಿಕಾದವರಿಗೂ ಹೆಚ್ಚು ಕಮ್ಮಿ ಒಂದೇ ಲೆಕ್ಕದಲ್ಲಿ ಇರುತ್ತವೆ. ವ್ಯತ್ಯಾಸ ಇರುವುದು ಅವು ಎಷ್ಟು ಮೆಲನಿನ್ ಮಾಡುತ್ತವೆ, ಎಂಥ ಮೆಲನಿನ್ ಮಾಡುತ್ತವೆ, ಅದು ಮೇಲ್ಪದರದಲ್ಲಿ ಹೇಗೆ ಹರಡಿಕೊಳ್ಳುತ್ತದೆ ಅನ್ನುವುದರಲ್ಲಿ. ನಮ್ಮ ರಾಜ್ಯ ಒಂದರಲ್ಲೇ ಎಷ್ಟು ಬಣ್ಣಗಳಿವೆ ನೋಡಿ. ಯಲ್ಲಾಪುರ, ಹಳಿಯಾಳದ ಸಿದ್ದಿಗಳಿಂದ ಹಿಡಿದು ಕೊಡಗು, ಕರಾವಳಿಯವರೆಗೆ, ಒಂದೇ ಮನೆಯ ಅಣ್ಣ ತಮ್ಮಂದಿರಲ್ಲೇ ಎರಡು ಮೂರು ಬಣ್ಣ. ಈ ಮೆಲನಿನ್ ನಮಗೆ ಕೊಡೆ ಇದ್ದ ಹಾಗೆ, ಬಿಸಿಲಿನ ನೇರಳಾತೀತ ಕಿರಣಗಳನ್ನು ಬಹಳಷ್ಟು ತಡೆಯುತ್ತದೆ. ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಾಣದಿರುವುದಕ್ಕೆ ಅದೇ ಕಾರಣ. ಹೀಗಿರುವಾಗ ಅದನ್ನು ತಿಕ್ಕಿ ತೆಗೆಯಬೇಕಾದ ಕೊಳೆ ಅನ್ನುವ ಹಾಗೆ ನೋಡುತ್ತೇವಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಆದರೆ ಈ ಕೋಶಗಳಿಗೆ ಒಂದು ಸ್ವಭಾವ ಇದೆ. ಚರ್ಮಕ್ಕೆ ಎಲ್ಲಿ ಗಾಯ, ಉರಿ, ಊತ ಆಗುತ್ತದೋ ಅಲ್ಲಿ ಅವು ಜಾಸ್ತಿ ಮೆಲನಿನ್ ಮಾಡಿಬಿಡುತ್ತವೆ. ಬೆಳ್ಳಗಿನ ಚರ್ಮದವರಿಗೆ ಮೊಡವೆ ಒಣಗಿದ ಮೇಲೆ ಕೆಂಪು ಗುರುತು ಉಳಿದರೆ ನಮಗೆ ಕಪ್ಪು ಕಲೆ ಉಳಿಯುತ್ತದೆ. ಸೊಳ್ಳೆ ಕಚ್ಚಿದ್ದು, ಬಿಸಿ ಎಣ್ಣೆ ಸಿಡಿದದ್ದು, ವ್ಯಾಕ್ಸಿಂಗ್ ಮಾಡುವಾಗ ಎಳೆದದ್ದು, ಎಲ್ಲದಕ್ಕೂ ಅಷ್ಟೇ. ಕಲೆ ಮೇಲ್ಪದರದಲ್ಲಿದ್ದರೆ ತಿಂಗಳುಗಳಲ್ಲಿ ಮಾಸುತ್ತದೆ, ಒಳಗಿಳಿದಿದ್ದರೆ ಬೂದು ನೀಲಿ ಬಣ್ಣಕ್ಕೆ ತಿರುಗಿ ವರ್ಷಗಟ್ಟಲೆ ನಿಲ್ಲುತ್ತದೆ. ಹಾಗಾಗಿ ನಮ್ಮಂಥ ಬಣ್ಣದವರು ಪಾಲಿಸಬೇಕಾದ ಮೊದಲ ನಿಯಮ, ಉರಿಯುವ ಯಾವುದನ್ನೂ ಮುಖಕ್ಕೆ ಹಚ್ಚಬಾರದು. ಉರಿದರೆ ಕೆಲಸ ಮಾಡುತ್ತಿದೆ ಅಂತ ಅರ್ಥ ಎಂದು ಹೇಳುವವರನ್ನು ನಂಬಬೇಡಿ. ನಿಂಬೆ, ಸೋಡಾ, ಟೂತ್‌ಪೇಸ್ಟ್, ಮೊಡವೆಗೆ ಹಚ್ಚುವ ಹಸಿ ಬೆಳ್ಳುಳ್ಳಿ, ವಾಲ್ನಟ್ ಸಿಪ್ಪೆಯ ಸ್ಕ್ರಬ್, ಯಾವುದೂ ಬೇಡ. ಬೆಳ್ಳುಳ್ಳಿ ಹಚ್ಚಿ ಬೊಬ್ಬೆ ಎದ್ದು ಬಂದವರಿದ್ದಾರೆ.

ತಿಕ್ಕುವುದೂ ಅಷ್ಟೇ ಕೆಟ್ಟದ್ದು. ನೈಲಾನ್ ನಾರಿನಲ್ಲೋ ಮೈಯುಜ್ಜುವ ಕಲ್ಲಿನಲ್ಲೋ ದಿನಾ ಬೆನ್ನು, ತೋಳು ತಿಕ್ಕಿ ತಿಕ್ಕಿ ಅಲೆ ಅಲೆಯಾಗಿ ಕಪ್ಪಾಗುವುದನ್ನು ಚರ್ಮದ ಡಾಕ್ಟರುಗಳು ನಮ್ಮ ದೇಶದಲ್ಲಿ ತುಂಬಾ ನೋಡುತ್ತಾರೆ. ಕಪ್ಪಾಯಿತು ಅಂತ ಇನ್ನೂ ತಿಕ್ಕುತ್ತಾರೆ, ಇನ್ನೂ ಕಪ್ಪಾಗುತ್ತದೆ.

ಮಕ್ಕಳ ಕುತ್ತಿಗೆ ವಿಷಯ ಇಲ್ಲಿ ಹೇಳಲೇಬೇಕು. ಹತ್ತು ಹನ್ನೆರಡು ವರ್ಷದ ಮಗುವಿನ ಕುತ್ತಿಗೆ ಹಿಂದೆ, ಕಂಕುಳಲ್ಲಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪವಾಗಿ ಕಪ್ಪಾಗಿರುತ್ತದೆ. ತಾಯಂದಿರು ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು, ನಿಂಬೆಸಿಪ್ಪೆ ಹಾಕಿ ಉಜ್ಜುತ್ತಾರೆ, ಮಗು ಅಳುತ್ತಾ ನಿಂತಿರುತ್ತದೆ, ಸ್ನಾನ ಸರಿಯಾಗಿ ಮಾಡಲ್ಲ ಅಂತ ಬೈಗುಳ ಬೇರೆ. ಅದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ. ಮುಂದೆ ಶುಗರ್ ಬರುವ ಸೂಚನೆ ಅದು, ಹೆಣ್ಣುಮಕ್ಕಳಲ್ಲಿ ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆ ಜೊತೆಗೂ ಬರುತ್ತದೆ. ಅಂಥ ಮಗುವಿಗೆ ಬೇಕಾಗಿರುವುದು ಶುಗರ್ ಪರೀಕ್ಷೆ, ತೂಕ ನೋಡುವುದು, ಆಟ, ಬೇಕರಿ ತಿಂಡಿ ಮತ್ತು ಜ್ಯೂಸು ಕಮ್ಮಿ ಮಾಡುವುದು. ನಿಮ್ಮ ಅಂಕಣದಲ್ಲಿ ‘ಕುತ್ತಿಗೆ ಕಪ್ಪಿಗೆ ಮನೆಮದ್ದು’ ಅಂತ ಹಾಕುವ ಬದಲು ಈ ನಾಲ್ಕು ಸಾಲು ಹಾಕಿದರೆ ಎಷ್ಟು ಮನೆಗಳಿಗೆ ಉಪಕಾರ ಆಗುತ್ತದೆ ಗೊತ್ತಾ?

ಬಿಳಿ ಮಚ್ಚೆಗಳ ಗೊಂದಲವೂ ಹೀಗೇ. ಮಕ್ಕಳ ಕೆನ್ನೆ ಮೇಲೆ ಮಾಸಲು ಬಿಳಿ ಮಚ್ಚೆ ಕಂಡರೆ ಜಂತುಹುಳ, ಕ್ಯಾಲ್ಸಿಯಂ ಕಮ್ಮಿ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಮಾತ್ರೆ ಕೇಳುತ್ತಾರೆ. ಸಾಮಾನ್ಯವಾಗಿ ಅದು ಒಣ ಚರ್ಮದಿಂದ ಬರುವಂಥದ್ದು, ಮಾಯಿಶ್ಚರೈಸರ್ ಹಚ್ಚುತ್ತಾ ಬಂದರೆ ನಿಧಾನವಾಗಿ ಹೋಗುತ್ತದೆ. ಎದೆ, ಬೆನ್ನಿನ ಮೇಲಿನ ಚಿಬ್ಬು ಶಿಲೀಂಧ್ರದಿಂದ ಬರುವುದು, ಅದಕ್ಕೆ ಔಷಧಿ ಇದೆ. ತೊನ್ನು ಬೇರೆಯೇ, ಅದು ಅಂಟುವ ರೋಗ ಅಲ್ಲ, ಪಕ್ಕದಲ್ಲಿ ಕೂತರೆ, ಊಟ ಮಾಡಿದರೆ ಬರುವುದಿಲ್ಲ, ಇದನ್ನು ಎಷ್ಟು ಸಲ ಬರೆದರೂ ಸಾಲದು. ಆದರೆ ಮಚ್ಚೆ ಇರುವ ಜಾಗದಲ್ಲಿ ಮುಟ್ಟಿದ್ದು, ಬಿಸಿ, ತಣ್ಣಗೆ ಗೊತ್ತಾಗುತ್ತಿಲ್ಲ ಅಂದರೆ ಒಂದು ದಿನವೂ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಕುಷ್ಠ ಇರಬಹುದು, ಅಲ್ಲಿ ಔಷಧಿ ಉಚಿತ, ಬೇಗ ಶುರು ಮಾಡಿದರೆ ಪೂರ್ತಿ ವಾಸಿಯಾಗುತ್ತದೆ. ಹಣೆಗೆ ಸ್ಟಿಕ್ಕರ್ ಬೊಟ್ಟು ಇಡುವ ಜಾಗದಲ್ಲೇ ಬಿಳಿಯಾಗುತ್ತಿದ್ದರೆ ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕ ಕಾರಣ ಇರಬಹುದು, ಮೊದಲು ಅದನ್ನು ನಿಲ್ಲಿಸಿ.

ಇನ್ನೊಂದು ವಿಷಯ. ಕೆಂಪಗಾಗಿದೆಯಾ ಅಂತ ನೋಡಿ ಅಲರ್ಜಿ ಗುರುತಿಸಿ ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಬಿಳಿಯರ ಚರ್ಮ ನೋಡಿ ಬರೆದದ್ದು. ಕಂದು, ಕಪ್ಪು ಚರ್ಮದಲ್ಲಿ ಅದೇ ಅಲರ್ಜಿ, ಅದೇ ಎಕ್ಸಿಮಾ, ಅದೇ ಸೋರಿಯಾಸಿಸ್ ನೇರಳೆಯಾಗಿಯೋ ಬೂದು ಬಣ್ಣವಾಗಿಯೋ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿಯೋ ಕಾಣುತ್ತದೆ. ಕೆಂಪಾಗಿಲ್ಲವಲ್ಲ, ಏನಿಲ್ಲ ಬಿಡಿ ಅಂತ ಕಾಯುತ್ತಾ ಕೂತರೆ ರೋಗ ಮುಂದೆ ಹೋಗಿರುತ್ತದೆ. ಕೈಯ ಹಿಂಭಾಗ ಇಟ್ಟು ನೋಡಿ, ಬಿಸಿ ಇದೆಯಾ, ಉಬ್ಬಿದೆಯಾ, ಒರಟಾಗಿದೆಯಾ ಅಂತ. ಲಂಡನ್ನಿನಲ್ಲಿ ಮೆಡಿಕಲ್ ಓದುತ್ತಿದ್ದ ಮಾಲೋನ್ ಮುಕ್ವೆಂಡೆ ಅನ್ನುವ ಹುಡುಗ, ಪಾಠದಲ್ಲಿ ತೋರಿಸುವ ಚಿತ್ರಗಳೆಲ್ಲ ಬಿಳಿ ಚರ್ಮದವೇ ಆಗಿವೆಯಲ್ಲ ಅಂತ ಕೇಳಿ, ತನ್ನ ಮೇಷ್ಟ್ರುಗಳ ಜೊತೆ ಸೇರಿ 2020ರಲ್ಲಿ ಕಂದು, ಕಪ್ಪು ಚರ್ಮದಲ್ಲಿ ರೋಗಲಕ್ಷಣ ಹೇಗೆ ಕಾಣುತ್ತವೆ ಅಂತ ಒಂದು ಕೈಪಿಡಿಯನ್ನೇ ತಂದ. ಒಬ್ಬ ವಿದ್ಯಾರ್ಥಿ ಅಷ್ಟು ಮಾಡಬಹುದಾದರೆ, ಓದುಗರೆಲ್ಲ ಕಂದು ಬಣ್ಣದವರೇ ಆಗಿರುವ ಕನ್ನಡ ಪತ್ರಿಕೆ ಚರ್ಮದ ಲೇಖನಕ್ಕೆ ಬಿಳಿ ಮಾಡೆಲ್ ಫೋಟೋ ಹಾಕುವುದನ್ನು ಬಿಡಬಹುದಲ್ವಾ?

ಚರ್ಮದ ಬಣ್ಣಕ್ಕೆ ಡಾಕ್ಟರುಗಳು ಬಳಸುವ ಅಳತೆಯ ಕಥೆಯೂ ಅದೇ. ಹಾರ್ವರ್ಡ್‌ನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ದರ್ಜೆಗಳು ಬೆಳಕಿನ ಚಿಕಿತ್ಸೆಗೆ ಎಷ್ಟು ಡೋಸ್ ಕೊಡಬೇಕು ಅಂತ ಲೆಕ್ಕ ಹಾಕುವುದಕ್ಕೆ ಇದ್ದವು. ಬಿಸಿಲಿಗೆ ಚರ್ಮ ಸುಡುತ್ತದೋ, ಕಪ್ಪಾಗುತ್ತದೋ ಅನ್ನುವುದೇ ಅದರ ಪ್ರಶ್ನೆ. ಮೊದಲು ಇದ್ದದ್ದು ಬಿಳಿಯರ ನಾಲ್ಕು ದರ್ಜೆ ಮಾತ್ರ, ಕಂದು ಮತ್ತು ಕಪ್ಪು ಚರ್ಮದ 5, 6ನೇ ದರ್ಜೆ ಆಮೇಲೆ ಸೇರಿದ್ದು. ನಮ್ಮವರಲ್ಲಿ ಜಾಸ್ತಿ ಜನ 4 ಮತ್ತು 5ರಲ್ಲಿ ಬರುತ್ತಾರೆ. ಇದು ಓದುಗರಿಗೆ ಯಾಕೆ ಬೇಕು ಅಂದರೆ, ಪಾರ್ಲರಲ್ಲಿ ಲೇಸರ್ ಹೇರ್ ರಿಮೂವಲ್, ಕೆಮಿಕಲ್ ಪೀಲ್ ಅಂತ ಆಫರ್ ಹಾಕಿರುತ್ತಾರೆ. ಬೆಳ್ಳಗಿನ ಚರ್ಮಕ್ಕೆ ಇಟ್ಟ ಶಕ್ತಿಯಲ್ಲೇ ಲೇಸರ್ ಬಿಟ್ಟರೆ ನಮ್ಮ ಚರ್ಮದಲ್ಲಿರುವ ಮೆಲನಿನ್ ಅದನ್ನು ಹೀರಿಕೊಂಡು ಸುಡುತ್ತದೆ. 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಲೇಸರ್ ನಮ್ಮ ಬಣ್ಣಕ್ಕೆ ಹೆಚ್ಚು ಸುರಕ್ಷಿತ. ಯಾವ ಲೇಸರ್, ಮಾಡುವವರು ಯಾರು ಅಂತ ಕೇಳಿ, ಉತ್ತರ ಬರದಿದ್ದರೆ ಎದ್ದು ಬನ್ನಿ.

ಸಂಪಾದಕರೇ, ಇನ್ನು ಹೇಳುವುದು ನನ್ನ ಕಸುಬಿಗೇ ಸಂಬಂಧಪಟ್ಟದ್ದು. ಸ್ಟೀರಾಯ್ಡ್ ಮುಲಾಮು.

ಹೋದ ಬೇಸಿಗೆಯಲ್ಲಿ ಕಾಲೇಜಿಗೆ ಹೋಗುವ ಒಂದು ಹುಡುಗಿ ಬಂದಿದ್ದಳು. ಅಂಗಡಿ ಮುಂದಿನ ಬಿಸಿಲಿಗೆ ನಿಲ್ಲಲಾರದೆ ಕಂಬದ ನೆರಳಿಗೆ ಸರಿದು ನಿಂತಳು. ತುದಿಯಿಂದ ಮಡಚಿ ಮಡಚಿ ಪೂರ್ತಿ ಹಿಂಡಿದ ಟ್ಯೂಬ್ ತೆಗೆದು, ‘ಅಕ್ಕಾ, ಇದೇ ಇನ್ನೊಂದು ಕೊಡಿ, ಹಚ್ಚದಿದ್ದರೆ ಮುಖ ಉರಿಯುತ್ತದೆ’ ಅಂದಳು. ಕೆನ್ನೆ ಹತ್ತಿರದಿಂದ ನೋಡಿದರೆ ಎಳೆ ಎಳೆ ರಕ್ತನಾಳ ಕಾಣುತ್ತಿತ್ತು, ಕಿವಿ ಮುಂದೆ ಗಂಡುಮಕ್ಕಳಿಗೆ ಬರುವ ಹಾಗೆ ಕೂದಲು, ಗಲ್ಲದ ಮೇಲೆ ಕೀವು ಗುಳ್ಳೆ. ಯಾರೋ ಗೆಳತಿ ಹೇಳಿದಳಂತೆ, ಬೆಳ್ಳಗಾಗುತ್ತದೆ ಅಂತ. ಮೊದಮೊದಲು ಆಗಿಯೂ ಇತ್ತಂತೆ. ‘ಇದು ಬಣ್ಣದ ಕ್ರೀಮ್ ಅಲ್ಲ ಕಣಮ್ಮ’ ಅಂತ ಕೂರಿಸಿ ಹೇಳಿದೆ. ಚೀಟಿ ಇಲ್ಲದೆ ಕೊಡಲಿಲ್ಲ, ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಆಕೆ ಹೋದ ಮೇಲೆ ಅದೇ ಟ್ಯೂಬನ್ನು ಎಲ್ಲಿಂದ ತಂದಿರಬಹುದು ಅಂತ ಯೋಚಿಸಿದರೆ, ನಮ್ಮಂಥದ್ದೇ ಯಾವುದೋ ಅಂಗಡಿಯಿಂದ. ಅದು ನನಗೆ ಸಂಕಟ.

ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೊಲೋನ್, ಈ ಹೆಸರುಗಳನ್ನು ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಇವು ಸ್ಟೀರಾಯ್ಡ್. ಎಕ್ಸಿಮಾ, ಸೋರಿಯಾಸಿಸ್‌ನಂಥ ಕಾಯಿಲೆಗೆ, ಡಾಕ್ಟರ್ ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಒಳ್ಳೆಯ ಔಷಧಿ. ಸುಮ್ನೆ ಮುಖಕ್ಕೆ ದಿನಾ ಬಳಿದುಕೊಂಡರೆ ಮೊದಲು ಬಣ್ಣ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದರೆ ಉರಿ, ಊತ. ಮುಂದುವರಿಸಿದರೂ ಕಷ್ಟ, ಬಿಟ್ಟರೂ ಕಷ್ಟ. ನಮ್ಮ ದೇಶದ ಚರ್ಮದ ಡಾಕ್ಟರುಗಳು ಇದನ್ನು ನೋಡಿ ನೋಡಿ 2008ರಲ್ಲಿ ಇದಕ್ಕೇ ಅಂತ ಒಂದು ಹೆಸರು ಕೊಡಬೇಕಾಯಿತು, ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ ಅಂತ. ಹೈಡ್ರೊಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಮೂರೂ ಸೇರಿಸಿದ ಮುಲಾಮು ಬಂಗು, ಅಂದರೆ ಕೆನ್ನೆ ಹಣೆ ಮೇಲೆ ಹರಡುವ ಕಂದು ಕಲೆಗೆ ಕೊಡುವಂಥದ್ದು, ಅದೂ ಸ್ವಲ್ಪ ವಾರಗಳ ಮಟ್ಟಿಗೆ. ಅದನ್ನೇ ಎಷ್ಟೋ ಜನ ವರ್ಷಗಟ್ಟಲೆ ಸ್ನೋ ಹಚ್ಚಿದ ಹಾಗೆ ಹಚ್ಚುತ್ತಾರೆ. ಹೈಡ್ರೊಕ್ವಿನೋನನ್ನು ಹಾಗೆ ವರ್ಷಗಟ್ಟಲೆ ಹಚ್ಚಿದರೆ ಕೆನ್ನೆ ಮೇಲೆ ವಾಸಿಯಾಗದ ನೀಲಿ ಕಪ್ಪು ಮಚ್ಚೆ ಬರಬಹುದು. ಬಸುರಿಯರಂತೂ ಟ್ರೆಟಿನೋಯಿನ್ ಮುಟ್ಟಲೇಬಾರದು.

ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿಕೊಳ್ಳುವುದು ಇನ್ನೊಂದು ದೊಡ್ಡ ತಪ್ಪು. ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಇವತ್ತು ಯಾವ ಔಷಧಿಗೂ ಸುಲಭಕ್ಕೆ ಬಗ್ಗದ ಹುಳುಕಡ್ಡಿ ನಮ್ಮ ದೇಶದ ತುಂಬಾ ಇರುವುದಕ್ಕೆ ಈ ಅಭ್ಯಾಸವೂ ಕಾರಣ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ನಿಯಮ ಇದೆ, ಪಾಲಿಸುವವರು ಕಮ್ಮಿ. ಗಿರಾಕಿಗಳಿಗೆ ಗೊತ್ತಾದರೆ ಅಂಗಡಿಯವರೂ ಸರಿಹೋಗುತ್ತಾರೆ. ಟ್ಯೂಬ್ ಮೇಲೆ ಆರ್‌ಎಕ್ಸ್ ಗುರುತೋ ಕೆಂಪು ಎಚ್ಚರಿಕೆಯೋ ಇದ್ದರೆ ಅದು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತಗೊಳ್ಳಬೇಕಾದ ಔಷಧಿ, ಅಷ್ಟೇ.

ಇದಕ್ಕಿಂತ ಭಯ ಹುಟ್ಟಿಸುವುದು ಹೆಸರು ಊರಿಲ್ಲದ ಬಿಳುಪಿನ ಕ್ರೀಮುಗಳು. ನಮ್ಮ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಕಿಡ್ನಿ ಡಾಕ್ಟರುಗಳು, ಮೂತ್ರದಲ್ಲಿ ಪ್ರೋಟೀನ್ ಹೋಗಿ ಕಾಲು ಮುಖ ಊದಿಕೊಂಡು ಬಂದ ಹಲವರನ್ನು ವಿಚಾರಿಸಿದಾಗ ಅವರಲ್ಲಿ ಜಾಸ್ತಿ ಜನ ಇಂಥ ಕ್ರೀಮ್ ಬಳಸುತ್ತಿದ್ದುದು ಗೊತ್ತಾಯಿತು. 2023ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಕಾರಣ ಪಾದರಸ. ಪಾದರಸ ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ, ಅದಕ್ಕೇ ಬಣ್ಣ ಬಿಳುಚುತ್ತದೆ, ಆದರೆ ಚರ್ಮದ ಮೂಲಕ ರಕ್ತ ಸೇರಿ ಕಿಡ್ನಿಗೆ ಹೋಗುತ್ತದೆ. ನಮ್ಮ ಕಾನೂನಿನಲ್ಲಿ ಕ್ರೀಮುಗಳಿಗೆ ಪಾದರಸ ಬೆರೆಸುವ ಹಾಗಿಲ್ಲ. ಗುರುತಿಸುವುದು ಹೇಗೆ ಅಂದರೆ, ತಯಾರಿಸಿದವರ ವಿಳಾಸ ಇರುವುದಿಲ್ಲ, ಬ್ಯಾಚ್ ನಂಬರ್ ಇರುವುದಿಲ್ಲ, ಒಳಗೆ ಏನೇನಿದೆ ಅನ್ನುವ ಪಟ್ಟಿ ಇರುವುದಿಲ್ಲ. ‘ಚಿನ್ನ ಬೆಳ್ಳಿ ಒಡವೆಗೆ ತಾಗಿಸಬೇಡಿ’ ಅಂತ ಬರೆದಿದ್ದರೆ ಅದು ಪಾದರಸದ ಗುರುತು, ಮುಟ್ಟಬೇಡಿ.

ಹಾಗಾದರೆ ಏನು ಹಚ್ಚಬೇಕು ಅಂತ ಕೇಳುತ್ತಾರೆ. ಜಾಸ್ತಿ ಏನೂ ಬೇಡ. ರೀಲ್ಸ್ ನೋಡಿ ಕೊರಿಯಾದವರ ಹಾಗೆ ಹತ್ತು ಹೆಜ್ಜೆ ಮಾಡುವುದಂತೂ ಬೇಡವೇ ಬೇಡ, ಒಂದರ ಮೇಲೊಂದು ಆಸಿಡ್ ಬಿದ್ದು ಉರಿ, ಉರಿಯಿಂದ ಕಲೆ. ಎಣ್ಣೆ ಚರ್ಮದವರು ದಿನಕ್ಕೆರಡು ಸಲ ಸೌಮ್ಯ ಫೇಸ್‌ವಾಶ್, ಜೆಲ್ ಥರದ ತೆಳು ಮಾಯಿಶ್ಚರೈಸರ್. ಎಣ್ಣೆ ಚರ್ಮಕ್ಕೂ ಮಾಯಿಶ್ಚರೈಸರ್ ಬೇಕು, ಪದೇ ಪದೇ ತೊಳೆದು ಒಣಗಿಸಿದರೆ ಚರ್ಮದ ಮೇಲ್ಪದರ ಕೆಟ್ಟು ಉರಿ ಶುರುವಾಗುತ್ತದೆ. ಒಣ ಚರ್ಮದವರು ನೊರೆ ಜಾಸ್ತಿ ಬರುವ ಸೋಪು ಬಿಟ್ಟು, ಗ್ಲಿಸರಿನ್, ಸೆರಮೈಡ್ ಇರುವ ದಪ್ಪ ಕ್ರೀಮ್. ಪೆಟ್ರೋಲಿಯಂ ಜೆಲ್ಲಿ ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ವಸ್ತು, ಹಿಮ್ಮಡಿ ಸೀಳಿಗೆ ಅದಕ್ಕಿಂತ ಇನ್ನೇನು ಬೇಕು. ಕಪ್ಪು ಕಲೆಗೆ ನಿಯಾಸಿನಮೈಡ್, ಅಜೆಲಾಯಿಕ್ ಆಸಿಡ್ ನಿಧಾನವಾಗಿ ಕೆಲಸ ಮಾಡುತ್ತವೆ, ತಾಳ್ಮೆ ಬೇಕು. ಹೊಸದೇನೇ ತಂದರೂ ಮೊದಲು ಒಂದು ವಾರ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ಅರಿಶಿನ, ಶ್ರೀಗಂಧಕ್ಕೂ ಕೆಲವರಿಗೆ ಅಲರ್ಜಿ ಆಗುತ್ತದೆ.

ಸನ್‌ಸ್ಕ್ರೀನ್ ಕಪ್ಪಗಿರುವವರಿಗೆ ಬೇಡ ಅನ್ನುವ ಮಾತು ಅರ್ಧ ಸತ್ಯ. ಸುಟ್ಟಗಾಯ, ಕ್ಯಾನ್ಸರ್ ದೃಷ್ಟಿಯಿಂದ ನಮಗೆ ಅಪಾಯ ಕಮ್ಮಿ. ಆದರೆ ಬಂಗು ಮತ್ತು ಕಪ್ಪು ಕಲೆ ಇರುವವರಿಗೆ ಬೇಕೇ ಬೇಕು, ಇಲ್ಲದಿದ್ದರೆ ರಾತ್ರಿ ಕಲೆಗೆ ಔಷಧಿ, ಹಗಲು ಅದನ್ನು ಕೆಡಿಸುವ ಬಿಸಿಲು, ಎರಡೂ ನಡೆಯುತ್ತದೆ. ಬಂಗು ನೇರಳಾತೀತ ಕಿರಣದಿಂದ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬಿಸಿಲಿನ ಬೆಳಕಿನಿಂದಲೂ ಕಂದು ಚರ್ಮದಲ್ಲಿ ಜಾಸ್ತಿಯಾಗುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್. ಮುಖಕ್ಕೆ ಸುಣ್ಣ ಬಳಿದ ಹಾಗೆ ಕಾಣುತ್ತದೆ ಅಂತ ಬಿಟ್ಟವರಿಗೂ ಅದೇ ಸರಿ. ಎಸ್‌ಪಿಎಫ್ 30 ಸಾಕು, ಚರ್ಮ ಸುಡುವ ಯುವಿಬಿ ಅನ್ನುವ ನೇರಳಾತೀತ ಕಿರಣದಲ್ಲಿ ನೂರಕ್ಕೆ ಸುಮಾರು 97ರಷ್ಟನ್ನು ತಡೆಯುತ್ತದೆ, 50 ಆದರೆ 98. ಆದರೆ ಎರಡು ಬೆರಳುದ್ದ ಹಿಂಡಿ ಮುಖ ಕುತ್ತಿಗೆಗೆ ಹಚ್ಚಿದರೆ ಮಾತ್ರ ಆ ಲೆಕ್ಕ, ಕಡಲೆಕಾಳಷ್ಟು ಹಚ್ಚಿದರೆ ಅಲ್ಲ. ಕೊಳ್ಳಲು ಆಗದವರು ಕೀಳರಿಮೆ ಪಡಬೇಕಿಲ್ಲ. ನಮ್ಮ ಕಡೆ ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಂಗಸರು ಸೀರೆ ಮೇಲೆ ಗಂಡನ ತುಂಬುತೋಳಿನ ಹಳೇ ಅಂಗಿ ಹಾಕಿ, ತಲೆಗೆ ಟವೆಲು ಸುತ್ತಿ ಮುಖದ ಮೇಲೆ ಇಳಿಬಿಟ್ಟುಕೊಳ್ಳುತ್ತಾರಲ್ಲ, ಅದು ಬಿಸಿಲಿಗೆ ಎಷ್ಟೋ ಕ್ರೀಮುಗಳಿಗಿಂತ ಒಳ್ಳೆಯ ರಕ್ಷಣೆ.

ಬಂಗು ಬಂದ ಹೆಂಗಸರಿಗೆ ರಕ್ತ ಕೆಟ್ಟಿದೆ, ಲಿವರ್ ಕೆಟ್ಟಿದೆ ಅಂತ ಹೆದರಿಸಿ ಪುಡಿ ಕೊಡುವವರೂ ಇದ್ದಾರೆ. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ತಗೊಂಡಾಗ ಹಾರ್ಮೋನ್ ಏರುಪೇರಿನಿಂದ, ಬಿಸಿಲಿನಿಂದ, ವಂಶದಲ್ಲಿ ಇದ್ದುದರಿಂದ ಅದು ಬರುತ್ತದೆ. ಹತೋಟಿಗೆ ಬರುತ್ತದೆ, ಬಿಸಿಲಿಗೆ ಮತ್ತೆ ಮರಳುತ್ತದೆ.

ಕೊನೆಗೆ ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ. ಸೌಂದರ್ಯದ ಅಂಕಣ ಅಚ್ಚಾಗುವ ಮೊದಲು ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿ. ‘ಬಿಳುಪಿಗೆ’, ‘ಬಣ್ಣ ಹೆಚ್ಚಿಸಲು’ ಅನ್ನುವ ತಲೆಬರಹ ಬಿಡಿ. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿಯೇ 2020ರಲ್ಲಿ ತನ್ನ ಹೆಸರಿನಿಂದ ಫೇರ್ ಅನ್ನುವುದನ್ನು ತೆಗೆದುಹಾಕಿತು. ಕಪ್ಪು ಬಣ್ಣದವರನ್ನು ಕೆಲಸಕ್ಕೆ, ಮದುವೆಗೆ ಲಾಯಕ್ಕಿಲ್ಲದವರ ಹಾಗೆ ಜಾಹೀರಾತಿನಲ್ಲಿ ತೋರಿಸಬಾರದು ಅಂತ ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲೇ ಸೂಚನೆ ಕೊಟ್ಟಿದೆ. ನಿಮ್ಮ ಭಾನುವಾರದ ವಧು ವರ ಪುಟದಲ್ಲಿ ಮಾತ್ರ ಬೆಳ್ಳಗಿನ ಕನ್ಯೆ ಬೇಕು ಅನ್ನುವುದು ಇನ್ನೂ ಬರುತ್ತಿದೆ. ನಮ್ಮ ಅಂಗಡಿಗೆ ಟ್ಯೂಬ್ ಕೇಳಿಕೊಂಡು ಬರುವ ಹುಡುಗಿಯರು ಆ ಪುಟವನ್ನೂ ಓದುತ್ತಾರೆ. ಜಾಹೀರಾತು ಕೊಡುವವರಿಗೆ ಆ ಒಂದು ಸಾಲು ಹಾಕುವುದಿಲ್ಲ ಅಂತ ಹೇಳುವ ಅಧಿಕಾರ ನಿಮಗಿದೆ.

ಓದುಗರು ಮೊಬೈಲಲ್ಲಿ ಕಳಿಸುವ ಪ್ರಶ್ನೆಗಳಿಗೆ ತಿಂಗಳಿಗೊಮ್ಮೆ ಚರ್ಮದ ಡಾಕ್ಟರಿಂದ ಉತ್ತರ ಬರೆಸಿ ಹಾಕುವುದಾದರೆ ನಮ್ಮ ಕೌಂಟರಿಗೆ ಬರುವ ಪ್ರಶ್ನೆಗಳನ್ನು, ಹೆಸರು ಫೋಟೋ ಯಾವುದೂ ಇಲ್ಲದೆ, ನಾನೇ ಬರೆದು ಕಳಿಸಿಕೊಡುತ್ತೇನೆ. ಮೊದಲ ಕಂತಿಗೆ ಮಕ್ಕಳ ಕುತ್ತಿಗೆ ಕಪ್ಪು ಮತ್ತು ಸ್ಟೀರಾಯ್ಡ್ ಮುಲಾಮು, ಇವೆರಡನ್ನು ತಗೊಳ್ಳಿ. ಮದುವೆ ಸೀಸನ್ ಶುರುವಾಗುವುದರೊಳಗೆ ಹಾಕಿದರೆ ಒಳ್ಳೆಯದು, ಆಗಲೇ ಟ್ಯೂಬ್ ಕೇಳುವವರು ಜಾಸ್ತಿ.

ಇಂತಿ,
ನಿಮ್ಮ ಓದುಗಿತ್ತಿ, ಔಷಧಿ ಅಂಗಡಿಯವಳು
ದಾವಣಗೆರೆ